ಸುರಪುರ ಜಾತ್ರೆಯಲ್ಲಿ ಎಂಬತ್ತನೇ ಮಹಡಿ

ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಗೆ ಜನ ಬರುವುದು ಹಾಲೋಕುಳಿ ನೋಡಲಿಕ್ಕೆ. ಕೃಷ್ಣಾಷ್ಟಮಿಯ ಹೊತ್ತಿಗೆ ಗುಡಿಯ ಮುಂದೆ ಎತ್ತರದ ಮರದ ಕಂಬಗಳನ್ನು ನೆಡುತ್ತಾರೆ. ಅವು ಜಾರುತ್ತವೆ. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಕಾಲಿಟ್ಟು ಏರುತ್ತಾರೆ, ಏರಿದವರ ಮೇಲೆ ನೀರು ಬೀಳುತ್ತದೆ, ಅರ್ಧಕ್ಕೆ ಹೋದವರು ಸರ್ರನೆ ಕೆಳಗಿಳಿಯುತ್ತಾರೆ, ಸುತ್ತಲಿನ ಗುಡ್ಡ ಮನೆಮಾಳಿಗೆಗಳ ಮೇಲಿಂದ ಕೇಕೆ ಏಳುತ್ತದೆ. ನಾನು ಹೋದದ್ದೂ ಅದಕ್ಕೇ. ಆದರೆ ಪೂರ್ತಿ ಮಧ್ಯಾಹ್ನ ಕಳೆದದ್ದು ಬಳೆ ಅಂಗಡಿ ಸಾಲಿನ ತುದಿಯಲ್ಲಿದ್ದ, ಮೂರು ಬದಿಗೂ ಕೌದಿ ಇಳಿಬಿಟ್ಟ ಒಂದು ಡೇರೆಯಲ್ಲಿ.

ಹೊರಗೆ ಫ್ಲೆಕ್ಸ್: ಎಂಬತ್ತನೇ ಮಹಡಿ ಮೇಲೆ ನಡೆಯಿರಿ, ಐವತ್ತು ರೂಪಾಯಿ. ಒಳಗೆ ಎರಡು ಇಟ್ಟಿಗೆಯ ಮೇಲೆ ಮಲಗಿಸಿದ ಸಾಗುವಾನಿ ಹಲಗೆ, ಒಂದು ಟೇಬಲ್ ಫ್ಯಾನ್, ಒಂದು ಹಳೆಯ ಟಿ.ವಿ., ಕೈಯಲ್ಲಿ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಹಿಡಿದು ನಿಂತ ಇಪ್ಪತ್ತೇಳು ಇಪ್ಪತ್ತೆಂಟರ ತರುಣ. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ನೀವು ಲಿಫ್ಟಿನಲ್ಲಿರುತ್ತೀರಿ. ಲಿಫ್ಟ್ ಏರುತ್ತದೆ, ಬಾಗಿಲು ತೆರೆಯುತ್ತದೆ, ಎದುರಿಗೆ ಆಕಾಶಕ್ಕೆ ಚಾಚಿದ ಒಂದೇ ಒಂದು ಹಲಗೆ, ಕೆಳಗೆ ಇರುವೆಯಷ್ಟು ಕಾರುಗಳ ಪಟ್ಟಣ. ಕಾಲಿಗೆ ತಾಗುವುದು ನಿಜವಾದ ಹಲಗೆಯೇ. ಮುಖಕ್ಕೆ ಬಡಿಯುವ ಗಾಳಿ ಫ್ಯಾನಿನದು. ‘ರಿಚೀಸ್ ಪ್ಲ್ಯಾಂಕ್ ಎಕ್ಸ್‌ಪೀರಿಯೆನ್ಸ್’ ಎಂಬ ಆಸ್ಟ್ರೇಲಿಯಾದ ಈ ಆಟ 2016ರಿಂದ ಜಗತ್ತಿನ ಮಾಲುಗಳಲ್ಲಿ ಜನರನ್ನು ನಡುಗಿಸುತ್ತ ಬಂದಿದೆ. ಸುರಪುರದಲ್ಲಿ ಅದು ಬೆಂಡು ಬತ್ತಾಸಿನ ಪಕ್ಕದಲ್ಲಿ ಕೂತಿದೆ.

ನಾನು ನೋಡುವಾಗ ಹಲಗೆ ಹತ್ತಿದ್ದವನು ಆಗಷ್ಟೇ ಕಂಬದಿಂದ ಇಳಿದು ಬಂದ ಹುಡುಗ. ಚಡ್ಡಿ ಇನ್ನೂ ತೊಟ್ಟಿಕ್ಕುತ್ತಿತ್ತು, ಮೊಣಕೈ ತರಚಿತ್ತು. ಗೆಳೆಯರು ದುಡ್ಡು ಹಾಕಿ ಒಳಗೆ ತಳ್ಳಿದ್ದರು. ಲಿಫ್ಟಿನ ಬಾಗಿಲು ತೆರೆದದ್ದೇ ಅವನ ಎರಡೂ ಕೈ ಗಾಳಿಯಲ್ಲಿ ಏನನ್ನೋ ತಡಕಾಡಿದವು. ಒಂದು ಹೆಜ್ಜೆ ಇಟ್ಟ, ಕುಕ್ಕರಗಾಲಲ್ಲಿ ಕೂತ, ಹಲಗೆಯನ್ನು ತಬ್ಬಿಕೊಂಡ. ಹೊರಗಿನವರು ಟಿ.ವಿ.ಯಲ್ಲಿ ಅವನ ಕಣ್ಣಿಗೆ ಕಾಣುವುದನ್ನೂ ಎದುರಿಗೆ ಅವನ ಅವಸ್ಥೆಯನ್ನೂ ಒಟ್ಟಿಗೆ ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೆಡ್‌ಸೆಟ್ ಬಿಚ್ಚಿದ ಮೇಲೆ ಅವನು ಸಿಟ್ಟಾಗಲಿಲ್ಲ. “ಅಲ್ಲಿ ಕೈಗೆ ಕಂಬ ಸಿಗ್ತದ್ರಿ, ಕೆಳಗ ನಮ್ಮ ಹುಡುಗ್ರ ಹೆಗಲ ಇರ್ತಾವ. ಇಲ್ಲಿ ಹಿಡ್ಕೊಳ್ಳಾಕ ಏನೂ ಇಲ್ಲ. ನನ್ನ ಕೈನೂ ನನಗ ಕಾಣಲಿಲ್ಲ,” ಎಂದ.

ಅವನ ಹಿಂದೆಯೇ ಬಂದ, ಹತ್ತಿ ಬಿಡಿಸಲು ಹೋಗುವ ಅರವತ್ತರ ಆಸುಪಾಸಿನ ತಾಯಿ ಮೊಮ್ಮಗನ ಹಟಕ್ಕೆ ಸೆರಗು ಬಿಗಿದು ನಿಂತರು. ತುದಿಯವರೆಗೆ ನೆಟ್ಟಗೆ ನಡೆದು, ನೆಟ್ಟಗೆ ತಿರುಗಿ ಬಂದರು. “ಕಾಲಿಗೆ ಹಲಗಿ ಹತ್ಯಾದಲ್ಲೋ ತಮ್ಮಾ, ಅಂಜಕಿ ಯಾಕ?” ಐವತ್ತು ರೂಪಾಯಿ ದಂಡ ಎಂದು ಮೊಮ್ಮಗನಿಗೆ ಬೈಯುತ್ತಲೇ ಹೋದರು.

ಆದರೆ ನನಗೆ ಮರೆಯಲಾಗದವರು ಹುಣಸಗಿ ಕಡೆಯ ಒಬ್ಬ ಗೌಂಡಿ. ಈ ಯಾದಗಿರಿ ಜಿಲ್ಲೆಯ ಎಷ್ಟೋ ಊರುಗಳಿಂದ ಬಿತ್ತನೆ ಮುಗಿಯುತ್ತಲೇ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಇವರೂ ಅಲ್ಲಿಯ ಅಪಾರ್ಟ್‌ಮೆಂಟುಗಳಿಗೆ ಗಿಲಾವು ಮಾಡುವವರು, ಜಾತ್ರೆಗೆಂದು ಬಂದಿದ್ದರು. ಹಲಗೆಯ ಮೇಲೆ ಹೋದವರು ಕೆಳಗೆ ನೋಡಲೇ ಇಲ್ಲ. ಹಿಂದೆ ತಿರುಗಿ ಕಟ್ಟಡ ನೋಡತೊಡಗಿದರು. ಟಿ.ವಿ.ಯಲ್ಲಿ ನಮಗೆಲ್ಲ ಕಂಡದ್ದು ಬರೀ ಗೋಡೆ. “ಇದೇನ್ ಕೆಲಸ ಇದು? ರೇಲಿಂಗ್ ಇಲ್ಲ, ಜಾಳಗಿ ಇಲ್ಲ, ಹಲಗಿಗಿ ಕಟ್ಟೂ ಇಲ್ಲ. ನಾವು ಹಿಂಗ ನಿಂತ್ರ ಸೂಪರ್‌ವೈಜರ್ ಆಗಲೇ ಕೆಳಗ ಇಳಿಸ್ತಾನ,” ಎಂದು ಹೆಡ್‌ಸೆಟ್ಟಿನ ಒಳಗಿನಿಂದಲೇ ದೂರಿದರು. ಮತ್ತೆ ಒಂದಷ್ಟು ಹೊತ್ತು ಗೋಡೆ ಸವರುವಂತೆ ಕೈಯಾಡಿಸಿದರು. ಆಟದ ಸಮಯ ಮುಗಿದರೂ ಅಂಗಡಿಯವನು ಕರೆಯಲಿಲ್ಲ. ಇವರಿಗೆ ಬೆಂಗಳೂರಿನಲ್ಲಿ ನಿತ್ಯ ಉಚಿತವಾಗಿ ಸಿಗುವ ಭಯಕ್ಕೆ ಇಲ್ಲಿ ಟಿಕೆಟ್ ಯಾಕೆ ಎಂದು ಪಕ್ಕದಲ್ಲಿದ್ದವರೊಬ್ಬರು ಗೊಣಗಿದ್ದು ನನಗೂ ಸರಿಯೆನಿಸಿತು.

ಈ ನಡುವೆ ಜಿಲ್ಲೆಯ ಪರಿಚಯ ಆಗಬೇಕಲ್ಲ. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾಯಿತು. ಯಾದಗಿರಿ ಪಟ್ಟಣ ಮುಂಬಯಿ–ಚೆನ್ನೈ ರೈಲು ಮಾರ್ಗದ ಊರು, ಪಕ್ಕದಲ್ಲಿ ಭೀಮಾ ನದಿ, ನೆತ್ತಿಯ ಮೇಲೆ ಕೋಟೆ. ಸುರಪುರ ನಾಯಕ ಅರಸರ ರಾಜಧಾನಿಯಾಗಿತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ವೆಂಕಟಪ್ಪ ನಾಯಕನ ಹೆಸರು ಇಲ್ಲಿ ಇನ್ನೂ ಬಿಸಿಯಾಗಿದೆ. ಅವನ ಬಾಲ್ಯದಲ್ಲಿ ಇಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿಕೊಂಡ ಟೇಲರ್ ಮಂಜಿಲ್ ಈಗಲೂ ನಿಂತಿದೆ. ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟ. ಬಸ್ಸಿನ ಕಿಟಕಿಯಿಂದ ಹಣೆ, ಮೂಗು, ಗಲ್ಲ, ಎದೆ ಎಲ್ಲ ಸ್ಪಷ್ಟ. ಬಸ್ಸು ತಿರುವು ತೆಗೆದುಕೊಂಡರೆ ಬುದ್ಧ ಹೋಗಿ ಬರೀ ಬಂಡೆ.

ಶಹಾಪುರದ ಬಸ್ ನಿಲ್ದಾಣದ ಎದುರು ಚಹಾ ಕುಡಿಯುವಾಗ ಮೊಬೈಲ್ ಅಂಗಡಿಯೊಂದರ ಮೇಲಿನ ಅಟ್ಟದಲ್ಲಿ ವಿ.ಆರ್. ಬಾಕ್ಸುಗಳ ರಾಶಿ ಕಂಡಿತ್ತು. ಮೊಬೈಲನ್ನೇ ಒಳಗಿಟ್ಟು ಕಣ್ಣಿಗೆ ಕಟ್ಟಿಕೊಳ್ಳುವ ಅಗ್ಗದ ಪ್ಲಾಸ್ಟಿಕ್ ಡಬ್ಬಿಗಳು. 2014ರಲ್ಲಿ ಗೂಗಲ್ ರಟ್ಟಿನ ‘ಕಾರ್ಡ್‌ಬೋರ್ಡ್’ ತೋರಿಸಿದ ಮೇಲೆ ಇಂಥವು ಊರೂರಿಗೆ ಬಂದವು. ಮಾರಾಟ ಹೇಗಿದೆ ಎಂದರೆ ಅಂಗಡಿಯವರು ಕೈ ಆಡಿಸಿದರು. “ಒಯ್ದವ್ರೆಲ್ಲ ತಿರುಗಿ ತಂದ್ರು ಸರ. ಮಾರಿ ತಿರುವಿದ್ರ ಚಿತ್ರ ತಿರುಗಂಗಿಲ್ಲ ಅಂತಾರ. ಫೋನಿನಾಗ ಜೈರೋ ಇಲ್ಲ, ಡಬ್ಬಿ ಏನ್ ಮಾಡ್ತದ?” ಮಾತು ನಿಜ. ತಲೆ ಯಾವ ಕಡೆ ಹೊರಳಿತು ಎಂದು ಫೋನಿಗೆ ತಿಳಿಸುವುದು ಜೈರೋಸ್ಕೋಪ್ ಎಂಬ ಪುಟ್ಟ ಸಂವೇದಕ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅದನ್ನೇ ಕೈಬಿಟ್ಟಿರುತ್ತಾರೆ. ಬೆಟ್ಟದೂರಿನ ಹುಡುಗ ಮೂರು ದಿನದ ಕೂಲಿ ಕೊಟ್ಟು ಡಬ್ಬಿ ಕೊಂಡರೆ, ಜಗತ್ತು ಮೂಗಿನ ಮುಂದೆ ಅಲ್ಲಾಡದೆ ನಿಂತುಬಿಡುತ್ತದೆ.

ಈ ವಿದ್ಯೆ ಹೊಸದೇನಲ್ಲ. ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ತೋರಿಸಿದರೆ ಆಳ ಕಾಣುತ್ತದೆ ಎಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದ. 1968ರಲ್ಲಿ ಐವನ್ ಸದರ್‌ಲ್ಯಾಂಡ್ ತಲೆಗೆ ಕಟ್ಟುವ ಯಂತ್ರ ಮಾಡಿದಾಗ ಅದನ್ನು ಛಾವಣಿಯಿಂದ ಇಳಿಬಿಡಬೇಕಾಯಿತು. 1995ರಲ್ಲಿ ನಿಂಟೆಂಡೊ ಕಂಪನಿಯ ಕೆಂಪು ಪರದೆಯ ಆಟ ಬಂದಷ್ಟೇ ಬೇಗ ಮುಗಿಯಿತು. 2012ರಲ್ಲಿ ಆಕ್ಯುಲಸ್ ಕಂಪನಿ ಬಂತು, ಎರಡು ವರ್ಷಕ್ಕೆ ಫೇಸ್‌ಬುಕ್ ಅದನ್ನು ಕೊಂಡಿತು. ಅದರ 2020ರ ಹೆಡ್‌ಸೆಟ್ ಕ್ವೆಸ್ಟ್ 2 ತಂತಿಯ ಹಂಗಿಲ್ಲದೆ, ಕಂಪ್ಯೂಟರಿನ ಹಂಗಿಲ್ಲದೆ ನಡೆಯಿತು. ಜಾತ್ರೆಗೆ ಬರಲು ಅಷ್ಟೇ ಸಾಕಿತ್ತು.

ನಮ್ಮ ತರುಣನ ಬಳಿ ಇರುವುದೂ ಅದೇ, ಸೆಕೆಂಡ್ ಹ್ಯಾಂಡ್. ಬೆಂಗಳೂರಿನ ಒಂದು ಮಾಲಿನ ಗೇಮ್ ಝೋನಿನಲ್ಲಿ ಜನರಿಗೆ ಹೆಡ್‌ಸೆಟ್ ತೊಡಿಸುವ ಕೆಲಸದಲ್ಲಿದ್ದ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಮಾತುಗಾರ. ಡೇರೆಯ ಕೌದಿಯ ಬಗ್ಗೆ ಕೇಳಿದ್ದೇ ತಡ, ಗಿರಾಕಿ ಬಿಟ್ಟು ಶುರು ಮಾಡಿದ: “ಮೊದಲ ಬಿಳಿ ಪರದಾ ಕಟ್ಟಿದ್ದೆ ಸರ. ಆಟದಾಗಿನ ಹಲಗಿ ಒಂದ್ ಕಡಿ, ನಮ್ ಹಲಗಿ ಒಂದ್ ಕಡಿ ತೇಲಿ ಹೋಗ್ತಿತ್ತು. ಮಂದಿ ಬಿದ್ರು. ಬಿಳಿ ಗೋಡಿ ಇದ್ರ ಇದಕ್ಕ ತಾ ಎಲ್ಲಿ ನಿಂತೀನಿ ಅನ್ನೋದು ತಿಳಿಯಂಗಿಲ್ಲ. ಅವ್ವನ ಕೌದಿ ತಂದು ಕಟ್ಟಿದೆ, ಗಪ್ ನಿಂತ್ಕೊಂಡ್ತು.” ಹೆಡ್‌ಸೆಟ್ಟಿನ ಹೊರಮೈಯಲ್ಲಿ ನಾಲ್ಕು ಕ್ಯಾಮೆರಾ ಇವೆ. ಸುತ್ತಲಿನ ಮೂಲೆ, ಅಂಚು, ಗೆರೆಗಳನ್ನು ಗುರುತು ಹಿಡಿದು ತೊಟ್ಟವನು ಎಲ್ಲಿದ್ದಾನೆಂದು ಲೆಕ್ಕ ಹಾಕುತ್ತವೆ. ಬರೀ ಬಿಳುಪಿನಲ್ಲಿ ಗುರುತು ಯಾವುದು? ಹಳೇ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಕೈಹೊಲಿಗೆಯಲ್ಲಿ ಕೂಡಿಸಿದ ಕೌದಿಯಲ್ಲಿ ಗೇಣಿಗೊಂದು ಗುರುತು. ಕೆಂಪು ಇಳಕಲ್ ಸೆರಗಿನ ತುಂಡೊಂದು ಹಲಗೆಯ ನೇರಕ್ಕೆ ಬರುವಂತೆ ಅವನು ಕಟ್ಟಿದ್ದ. ಕೌದಿ ಹೊಲಿಯುವವರು ಊರಲ್ಲಿ ಈಗ ಎಷ್ಟು ಮನೆ ಎಂದರೆ, ಅವ್ವ ಮತ್ತು ದೊಡ್ಡವ್ವ, ಇಬ್ಬರೇ ಎಂದ. ಸೊಸೆಯಂದಿರು ಬ್ಲಾಂಕೆಟ್ ಕೊಳ್ಳುತ್ತಾರಂತೆ.

ಅವನ ಉಳಿದ ಕಸುಬುಗಾರಿಕೆಯೂ ನೋಡುವಂಥದ್ದೇ. ಹೆಡ್‌ಸೆಟ್ಟಿನ ಹಣೆಯ ಸ್ಪಂಜಿಗೆ ಹಳೇ ಧೋತರದ ಪಟ್ಟಿ ಸುತ್ತಿದ್ದಾನೆ. ಪ್ರತಿ ಗಿರಾಕಿ ಇಳಿದ ಮೇಲೆ ಪಟ್ಟಿ ಬದಲು. ತೆಗೆದಿಟ್ಟ ಬಕೆಟ್ಟಿನಲ್ಲಿ ವಿಭೂತಿ, ಕುಂಕುಮ, ಕೊಬ್ಬರಿ ಎಣ್ಣೆ ಎಲ್ಲದರ ಮುದ್ರೆ. ಮುಡಿದ ಹೂವಿಗೆ ಬೆಲ್ಟ್ ಸಿಕ್ಕದಂತೆ ತುರುಬಿನ ಕೆಳಗಿಂದ ತರುವುದು, ಹಿರಿಯರ ರುಮಾಲನ್ನು ಅವರ ಕೈಯಿಂದಲೇ ಬಿಚ್ಚಿಸಿ ಅವರ ಮಡಿಲಿಗೇ ಕೊಡುವುದು ಅವನಿಗೆ ರೂಢಿ. ಕೆಳಗಿಟ್ಟಾಗ ಮಸೂರ ಯಾವತ್ತೂ ನೆಲಮುಖ. ಬಿಸಿಲು ಮಸೂರದ ಮೂಲಕ ಇಳಿದರೆ ಒಳಗಿನ ಪರದೆ ಸುಟ್ಟು ಕಲೆಯಾಗುತ್ತದೆ. ಮುಖ್ಯವಾಗಿ, ತೊಡಿಸುವ ಮುಂಚೆ ಎಲ್ಲರಿಗೂ ಒಂದೇ ಪ್ರಶ್ನೆ: “ಬಸ್ಸಿನಾಗ ವಾಂತಿ ಆಗ್ತದೇನ್ರಿ?” ಹೌದೆಂದವರಿಗೆ ರೋಲರ್ ಕೋಸ್ಟರ್ ಇಲ್ಲ, ಹಲಗೆ ಮಾತ್ರ. ಕಣ್ಣು ಓಡುತ್ತಿದ್ದೇನೆ ಎನ್ನುವಾಗ ಕಿವಿಯೊಳಗಿನ ಸಮತೋಲನದ ಅಂಗ ಕೂತಿದ್ದೇನೆ ಎಂದರೆ ಹೊಟ್ಟೆ ತೊಳಸುತ್ತದೆ. ಹಲಗೆಯ ಮೇಲೆ ಕಾಲೇ ನಡೆಯುವುದರಿಂದ ಆ ತಕರಾರು ಕಡಿಮೆ. ಇದನ್ನು ಅವನು ಪುಸ್ತಕದಿಂದ ಕಲಿತದ್ದಲ್ಲ, ಡೇರೆ ತೊಳೆದು ಕಲಿತದ್ದು. ಪುಟ್ಟ ಮಕ್ಕಳಿಗೆ ತೊಡಿಸುವುದೇ ಇಲ್ಲ. ಕಂಪನಿಯವರೇ ಹತ್ತು ವರ್ಷದ ಕೆಳಗಿನವರಿಗೆ ಬೇಡ ಎಂದಿದ್ದಾರೆ. ತಾಯಂದಿರ ಜೊತೆ ಜಗಳ ಮಾತ್ರ ತಪ್ಪಿಲ್ಲ.

ಸಂಜೆ ‘ಬೀಟ್ ಸೇಬರ್’ ಹಾಕಿದ. ತಾಳಕ್ಕೆ ತಕ್ಕಂತೆ ಹಾರಿ ಬರುವ ಪೆಟ್ಟಿಗೆಗಳನ್ನು ಕತ್ತಿಯಿಂದ ಸೀಳುವ ಆಟ. ಡೊಳ್ಳಿನ ಮೇಳದ ಹುಡುಗನೊಬ್ಬ ಎರಡನೇ ಸರದಿಗೇ ಒಂದೂ ಬಿಡದೆ ಸೀಳಿದ. ಹಾಡು ಯಾವ ದೇಶದ್ದೋ, ತಾಳ ಅವನಿಗೆ ಸಲೀಸು.

ನನ್ನ ತಕರಾರು ಇರುವುದು ಒಳಗೆ ಕಾಣುವುದರ ಬಗ್ಗೆ. ಹಿಮದ ಬೆಟ್ಟ, ಡೈನೊಸಾರ್, ಯಾವುದೋ ಗಾಜಿನ ಪಟ್ಟಣ. ಇಲ್ಲಿಂದ ಒಂದು ಗಂಟೆಯ ಹಾದಿಯಲ್ಲಿ ಹುಣಸಗಿ ಕಣಿವೆ ಇದೆ. ಅದರ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಮನುಷ್ಯರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದರೆಂದು ಕೆ. ಪದ್ದಯ್ಯ ಅವರ ಸಂಶೋಧನೆ ಜಗತ್ತಿಗೆ ತೋರಿಸಿತು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದವರು ಸಾಲುಗಟ್ಟಿ ನಿಲ್ಲಿಸಿದ ಬಂಡೆಗಳಿವೆ. ಸುರಪುರದ ಅರಸರ ಕಾಲದ ಚಿನ್ನದ ಗೆರೆಯ ಚಿತ್ರಗಳಲ್ಲಿ ಕೆಲವು ಪರದೇಶದ ಸಂಗ್ರಹಗಳ ಪಾಲಾಗಿವೆ, ಊರಿನವರು ನೋಡಬೇಕೆಂದರೆ ಹೆಡ್‌ಸೆಟ್ಟೇ ಗತಿ. ಹಂಪಿಗಾದರೆ ಕೇಂದ್ರ ಸರ್ಕಾರದ ಡಿಜಿಟಲ್ ಪರಂಪರೆ ಯೋಜನೆ ಬಂತು. 2024ರಲ್ಲಿ ರಾಜ್ಯ ಸರ್ಕಾರ ಇಂಥ ಆಟ ಅನಿಮೇಷನ್‌ಗಳಿಗಾಗಿಯೇ ಐದು ವರ್ಷದ ನೀತಿ ಹೊರಡಿಸಿತು. ಅದರ ಒಂದು ತುಣುಕು ಈ ಕಡೆ ಬಂದರೆ ಯಾರೂ ಬೇಡವೆನ್ನುವುದಿಲ್ಲ. ತರುಣನಿಗೆ ಇದನ್ನು ಹೇಳಿದೆ. “ಕಲ್ಲು ನೋಡಾಕ ಐವತ್ತು ರೂಪಾಯಿ ಯಾರ್ ಕೊಡ್ತಾರ ಸರ?” ಎಂದ. ತುಸು ಬಿಟ್ಟು, “ಮೇಲಿಂದ ಬೀಳೂವಂಗ ಮಾಡಿದ್ರ ಕೊಡಬಹುದು” ಎಂದೂ ಸೇರಿಸಿದ.

ಅವನ ತಲೆಯಲ್ಲಿ ಇರುವುದು ಸಂಕ್ರಾಂತಿ. ಮೈಲಾಪುರದ ಮಲ್ಲಯ್ಯನ ಜಾತ್ರೆ, ಲಕ್ಷಗಟ್ಟಲೆ ಜನ, ಅಲ್ಲಿ ನಾಲ್ಕು ದಿನ ನಿಂತರೆ ಸುರಪುರದ ಮೂರರಷ್ಟು ಗಳಿಕೆ. ತೊಂದರೆ ಒಂದೇ, ಭಂಡಾರ. ಅಲ್ಲಿ ಗಾಳಿಯೇ ಹಳದಿ. ಅರಿಶಿನದ ಪುಡಿ ಕ್ಯಾಮೆರಾಕ್ಕೂ ಮಸೂರಕ್ಕೂ ಕೂತರೆ ಕೌದಿ ಕಟ್ಟಿಯೂ ಉಪಯೋಗವಿಲ್ಲ. ಗುಡ್ಡದಿಂದ ದೂರ ಜಾಗ ಹಿಡಿದರೆ ಪುಡಿ ಬರುವುದಿಲ್ಲ, ಜನವೂ ಬರುವುದಿಲ್ಲ. ಡೇರೆಯ ಬಾಯಿಗೆ ಒದ್ದೆ ಗೋಣಿತಾಟು ಕಟ್ಟಿದರೆ ಹೇಗೆ ಎಂದು ನನ್ನನ್ನೇ ಕೇಳಿದ. ನಾನು ಉತ್ತರಿಸುವ ಮೊದಲೇ ಪಕ್ಕದ ಬಳೆಗಾರ್ತಿ, ಒದ್ದೆ ತಾಟಿಗೆ ಭಂಡಾರ ಇನ್ನೂ ಹೆಚ್ಚು ಹತ್ತುತ್ತದೆ, ಗಾಜಿನ ಬಳೆ ತೊಳೆದು ತೊಳೆದು ತನಗೆ ಗೊತ್ತು ಎಂದರು. ಇಬ್ಬರೂ ಅದರ ಮೇಲೆ ವಾದಕ್ಕಿಳಿದರು. ಹಲಗೆಯ ಮೇಲಿದ್ದ ಕಾಲೇಜು ಹುಡುಗ, ಫ್ಯಾನ್ ಯಾರೋ ಬಂದ್ ಮಾಡಿದ್ದಾರೆ, ಗಾಳಿ ನಿಂತುಹೋಯಿತು ಎಂದು ಎಂಬತ್ತನೇ ಮಹಡಿಯಿಂದ ಕೂಗುತ್ತಿದ್ದ.