ಪುನರುತ್ಥಾನವೂ ನಮ್ಮ ನಿರೀಕ್ಷೆಯೂ



ನಮ್ಮ ನುಡಿಯಲ್ಲಿ ಆಶೆ ಎಂಬುದು ಒಂದು, ನಿರೀಕ್ಷೆ ಎಂಬುದು ಮತ್ತೊಂದು. ಬೇಕೆಂದು ಮನಸ್ಸು ಬಯಸುವದು ಆಶೆ; ಬರುವದೆಂದು ನಂಬಿ ದಾರಿ ನೋಡುವದು ನಿರೀಕ್ಷೆ. ಸತ್ಯವೇದವನ್ನು ಕನ್ನಡಿಸಿದವರು ನಂಬಿಕೆ, ಪ್ರೀತಿಗಳ ಜೊತೆಯಲ್ಲಿ ನಿರೀಕ್ಷೆಯನ್ನೇ ನಿಲ್ಲಿಸಿದರು. ಹಾಗಾದರೆ ಕ್ರೈಸ್ತರು ದಾರಿ ನೋಡುತ್ತಿರುವದು ಯಾತಕ್ಕೆ? ಮಗಳನ್ನು ಮಣ್ಣಿಗೆ ಒಪ್ಪಿಸಿದ ತಾಯಿಗೂ, ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳತಿಯನ್ನು ಕಳೆದುಕೊಂಡವಳಿಗೂ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಆದುದರಿಂದ ಇದನ್ನು ಸ್ಪಷ್ಟವಾಗಿ ತಿಳಿದುಕೊಳ್ಳುವದು ಯುಕ್ತ.

ಈ ವಿಷಯವನ್ನು ವಿಸ್ತಾರವಾಗಿ ವಿವರಿಸಿದವನು ಅಪೊಸ್ತಲನಾದ ಪೌಲನು. ಆತನು ಕ್ರಿ.ಶ. 55ರ ಸುಮಾರಿಗೆ ಎಫೆಸ ಪಟ್ಟಣದಿಂದ ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ 15ನೆಯ ಅಧ್ಯಾಯವೆಲ್ಲ ಇದಕ್ಕೇ ಮೀಸಲು. ದೇಹವು ಆತ್ಮಕ್ಕೆ ಸೆರೆಮನೆ, ಮರಣವೇ ಅದಕ್ಕೆ ಬಿಡುಗಡೆ ಎಂಬ ಪ್ಲೇಟೋವಿನ ಬೋಧೆ ಗ್ರೀಕರಲ್ಲಿ ಬಹುಕಾಲದಿಂದ ಪರಿಚಿತವಾಗಿತ್ತು. ಸತ್ತವರು ಏಳುವದಿಲ್ಲವೆಂದು ಆ ಸಭೆಯವರಲ್ಲಿಯೇ ಕೆಲವರು ಹೇಳುತ್ತಿದ್ದರು. ಅವರಿಗೆ ಪೌಲನು ಹೊಲದ ದೃಷ್ಟಾಂತವನ್ನು ಕೊಟ್ಟನು. ನಮ್ಮ ರೈತನು ಬಿತ್ತುವದು ರಾಗಿಯ ಕಾಳು. ಮೇಲೆ ಏಳುವದು ಹಸುರು ಪೈರು, ತೂಗುವ ತೆನೆ. ರೂಪವು ಪೂರಾ ಬೇರೆ; ಆದರೂ ರಾಗಿಯು ಜೋಳವಾಗುವದಿಲ್ಲ. ಅದರಂತೆಯೇ ಏಳುವವನು ಬೇರೊಬ್ಬನಲ್ಲ, ಅವನೇ, ಆದರೆ ಕ್ಷಯವಿಲ್ಲದವನು. ಆದಕಾರಣ ಪುನರುತ್ಥಾನವು ಪುನರ್ಜನ್ಮವಲ್ಲ. ಬೇಥಾನ್ಯದ ಲಾಜರನು ಮರಳಿ ಬಂದದ್ದು ಮರಣಕ್ಕೆ ಒಳಗಾದ ಇದೇ ಬಾಳಿಗೆ. ಆದುದರಿಂದ ಅದೂ ಇದಕ್ಕೆ ಸಮಾನವಲ್ಲ. ಕ್ರಿಸ್ತನನ್ನು ಪೌಲನು ಪ್ರಥಮಫಲವೆಂದು ಕರೆಯುತ್ತಾನೆ: ಮೊದಲ ತೆನೆ ಮನೆಗೆ ಬಂದಿತೆಂದರೆ ಸುಗ್ಗಿಯು ದೂರವಿಲ್ಲ.

ಈ ಸುದ್ದಿಯನ್ನು ಮೊದಲು ತಂದವರು ಯಾರು? ನಾಲ್ಕು ಸುವಾರ್ತೆಗಳೂ ಬರಿದಾದ ಸಮಾಧಿಯ ಬಳಿಗೆ ಮೊದಲು ಹೋದವರು ಸ್ತ್ರೀಯರೆಂದೇ ಹೇಳುತ್ತವೆ. ಮಗ್ದಲದ ಮರಿಯಳ ಹೆಸರು ನಾಲ್ಕರಲ್ಲಿಯೂ ಇದೆ. ಸ್ತ್ರೀಯರ ಸಾಕ್ಷಿಯನ್ನು ಅಂಗೀಕರಿಸಬಾರದೆಂಬ ನಿಯಮವನ್ನು ಅದೇ ಶತಮಾನದ ಯೆಹೂದ್ಯ ಚರಿತ್ರೆಗಾರನಾದ ಜೋಸೀಫಸನು ಬರೆದಿಟ್ಟಿದ್ದಾನೆ. ಅಪೊಸ್ತಲರು ಸಹ ಇವರ ಮಾತನ್ನು ಹುಚ್ಚುಮಾತೆಂದು ಎಣಿಸಿದರೆಂದು ಲೂಕನು ತಿಳಿಸುತ್ತಾನೆ. ಕಥೆಯನ್ನು ಕಟ್ಟುವವರು ಇಂಥ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತಿರಲಿಲ್ಲ. ಇಷ್ಟರಿಂದಲೇ ಎಲ್ಲರ ಸಂಶಯವೂ ತೀರಿತೆಂದು ನಾವು ಹೇಳುವದಿಲ್ಲ. ಆದರೆ ಲೋಕವು ಕಿವಿಗೊಡದವರ ಬಾಯಲ್ಲಿ ಈ ವಾರ್ತೆಯು ಇಡಲ್ಪಟ್ಟಿತೆಂಬದನ್ನು ಹೆಣ್ಣುಮಕ್ಕಳ ಶಾಲೆಯವರಾದ ನಾವು ಮರೆಯಲಾಗದು.

ನಿರೀಕ್ಷೆಯುಳ್ಳವರು ಅಳಬಾರದೆಂದು ಕೆಲವರು ತಿಳಿಯುತ್ತಾರೆ. ಲಾಜರನ ಸಮಾಧಿಗೆ ಹೋಗುವಾಗ ಕರ್ತನೇ ಕಣ್ಣೀರಿಟ್ಟನು. ಎದ್ದ ಮೇಲೆಯೂ ಆತನ ಕೈಗಳಲ್ಲಿ ಗಾಯದ ಗುರುತುಗಳಿದ್ದವು; ತೋಮನು ಅವುಗಳನ್ನು ಕಂಡನು. ಆದುದರಿಂದ ಪುನರುತ್ಥಾನವು ದುಃಖವು ನಡೆಯಲೇ ಇಲ್ಲವೆಂದು ಹೇಳುವದಿಲ್ಲ. ದುಃಖಕ್ಕೆ ಕಡೇ ಮಾತಿಲ್ಲವೆಂದು ಹೇಳುತ್ತದೆ. ಪೂರ್ವದ ಕ್ರೈಸ್ತರು ತಮ್ಮ ಶ್ಮಶಾನಕ್ಕೆ ಮಲಗುವ ಸ್ಥಳವೆಂಬ ಅರ್ಥದ ಗ್ರೀಕ್ ಹೆಸರನ್ನಿಟ್ಟರು. ರೋಮಾಪುರಿಯ ನೆಲದಡಿಯ ಸಮಾಧಿಗಳಲ್ಲಿ ನಿರೀಕ್ಷೆಯ ಗುರುತಾಗಿ ಹಡಗಿನ ಲಂಗರನ್ನು ಕೆತ್ತಿದರು. ಲಂಗರು ಬಿರುಗಾಳಿಯನ್ನು ನಿಲ್ಲಿಸುವದಿಲ್ಲ. ಹಡಗು ಕೊಚ್ಚಿಹೋಗದಂತೆ ಹಿಡಿಯುತ್ತದೆ.

ಇನ್ನೊಂದನ್ನು ಗಮನಿಸಬೇಕು. ಪೌಲನು ಆ ದೀರ್ಘವಾದ ಅಧ್ಯಾಯವನ್ನು, ಕರ್ತನಲ್ಲಿ ಪಟ್ಟ ಪ್ರಯಾಸವು ವ್ಯರ್ಥವಲ್ಲವೆಂಬ ಮಾತಿನಿಂದ ಮುಗಿಸುತ್ತಾನೆ. ಒಡನೆಯೇ ಮುಂದಿನ ಅಧ್ಯಾಯದ ಮೊದಲಲ್ಲಿ ಯೆರೂಸಲೇಮಿನವರಿಗಾಗಿ ವಾರವಾರವೂ ಹಣವನ್ನು ಕೂಡಿಸಿಡಿರೆನ್ನುತ್ತಾನೆ. ಮೇಲಣ ಲೋಕದ ಮಾತು ಕೆಳಗಿನ ಹಸಿವಿನ ಬಳಿಗೆ ಬಂದು ನಿಲ್ಲುತ್ತದೆ. ದೇಹವು ಬಿಸಾಡತಕ್ಕದ್ದಲ್ಲವಾದರೆ, ಅದರ ರೋಗವನ್ನು ನೋಡುವ ದಾದಿಯ ರಾತ್ರಿಯೂ, ಅದಕ್ಕೆ ಅನ್ನವಿಡುವ ತಾಯಿಯ ಹಗಲೂ, ಮಂದಬುದ್ಧಿಯ ಮಗುವಿಗೆ ಹತ್ತನೆಯ ಸಾರಿ ಅದೇ ಅಕ್ಷರವನ್ನು ತಿದ್ದಿಸುವ ಉಪಾಧ್ಯಾಯಿನಿಯ ತಾಳ್ಮೆಯೂ ಮಣ್ಣಾಗಿ ಹೋಗುವವುಗಳಲ್ಲ.

ಹೆತ್ತವರೇ, ಹಳೆಯ ವಿದ್ಯಾರ್ಥಿನಿಯರೇ, ಬಿತ್ತಿದವರೆಲ್ಲರೂ ತೆನೆಯನ್ನು ಕಾಣುವದಿಲ್ಲ. ಆದರೂ ಬಿತ್ತುವ ಕೈಗೆ ಧೈರ್ಯ ಕೊಡುವದು ಈ ನಿರೀಕ್ಷೆಯೇ.