ಗಿಟಾರಿನ ನಾದದಲ್ಲಿ ಶಿಶುನಾಳ ಶರೀಫರು

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಭಕ್ತರಿಗೆ ತತ್ವಪದವೆಂದರೆ ಏಕತಾರಿ, ದಮ್ಮಡಿ, ತಾಳಗಳ ಸಂಗಡ ಅಮಾವಾಸ್ಯೆಯ ರಾತ್ರಿ ನಡೆಯುವ ಭಜನೆ. ತಿಂಥಣಿಯ ಮೌನೇಶ್ವರರು, ಕೊಡೇಕಲ್ಲ ಬಸವಣ್ಣನವರು, ನೆರೆಯ ಕಡಕೋಳದ ಮಡಿವಾಳಪ್ಪನವರು ನಮ್ಮ ಹಿರಿಯರಿಗೆ ಗ್ರಂಥದಿಂದಲ್ಲ, ಕಂಠದಿಂದ ಪರಿಚಿತರಾದವರು. ಅಂತಹ ಮನೆಗಳ ಅನೇಕ ಮಕ್ಕಳು ಇಂದು ಶಿಶುನಾಳ ಶರೀಫರನ್ನು (1819–1889) ಮೊದಲು ಕೇಳುವುದು ಗಿಟಾರಿನ ಜೊತೆಗೆ. ಇದು ಸಲ್ಲುವುದೇ ಎಂದು ತಂದೆತಾಯಿಗಳು ಕೇಳುವುದು ಸಹಜವೇ ಆಗಿದೆ.

ಮೈಸೂರಿನಲ್ಲಿ ಬೆಳೆದ, ಭರತನಾಟ್ಯವನ್ನೂ ಅಭ್ಯಾಸ ಮಾಡಿದ ರಘು ದೀಕ್ಷಿತರ ತಂಡವು 2008ರಲ್ಲಿ ‘ಅಂತರಾಗ್ನಿ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಪದಗಳೂ ಅದರಲ್ಲಿ ಸೇರಿದವು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಈ ತಂಡದಿಂದ ಕನ್ನಡವರಿಯದ ಆಂಗ್ಲ ಶ್ರೋತೃಗಳಿಗೂ ಶರೀಫರು ತಲುಪಿದರು. ಸಣ್ಣ ಸಂಗತಿಯಲ್ಲ.

ಗಿಟಾರು ಪರದೇಶದ್ದೆಂಬ ಆಕ್ಷೇಪಣೆಯು ನಿಲ್ಲತಕ್ಕದ್ದಲ್ಲ. ನಮ್ಮ ಮಠಗಳ ಪ್ರಾರ್ಥನೆಯಲ್ಲಿ ನುಡಿಯುವ ಹಾರ್ಮೋನಿಯಂ ಎಲ್ಲಿಂದ ಬಂದಿತು? ಅದೂ ಯುರೋಪಿನದೇ. 1940ರಿಂದ ಮೂರು ದಶಕಗಳ ಕಾಲ ಆಕಾಶವಾಣಿಯೇ ಅದನ್ನು ಹೊರಗಿರಿಸಿತ್ತು. ಭಜನಾ ಮಂಡಳಿಗಳು ಮಾತ್ರ ಬಿಡಲಿಲ್ಲ. 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರಕ್ಕೆ ಸಿ. ಅಶ್ವತ್ಥರು ಕೂಡಿಸಿದ ರಾಗಗಳನ್ನು ನಾವು ಈಗ ಶರೀಫರದೇ ಧಾಟಿಯೆಂದು ಭ್ರಮಿಸುವಷ್ಟು ಒಪ್ಪಿಕೊಂಡಿದ್ದೇವಲ್ಲವೇ?

ನನ್ನ ಆತಂಕ ಬೇರೆ. ಗುಡುಗುಡಿಯ ಪದವನ್ನೇ ನೋಡಿ. ಶರೀಫರು ಅಲ್ಲಿ ಶರೀರವನ್ನು ಬುರುಡೆಯೆಂದೂ ಬುದ್ಧಿಯನ್ನು ಬೆಂಕಿಯೆಂದೂ ರೂಪಿಸಿ ಯೋಗದ ಮಾತನ್ನಾಡುತ್ತಾರೆ. ಭಜನೆಯಲ್ಲಾದರೆ ಒಂದು ನುಡಿ ಮುಗಿದೊಡನೆ ಹಿರಿಯರೊಬ್ಬರು ಅದರ ಒಳಾರ್ಥವನ್ನು ಬಿಡಿಸುತ್ತಾರೆ. ಹಿಮ್ಮೇಳದವರು ಪಲ್ಲವಿಯನ್ನು ಮರಳಿ ಹಿಡಿಯುವಷ್ಟರಲ್ಲಿ ಅರ್ಥವು ಮನಸ್ಸಿಗೆ ಇಳಿದಿರುತ್ತದೆ. ನಾಲ್ಕೈದು ನಿಮಿಷದ ಮುದ್ರಿಕೆಯಲ್ಲಿ ಅದಕ್ಕೆ ಎಡೆಯಿಲ್ಲ. ತಾಳದ ರಭಸದಲ್ಲಿ ಕುಣಿಯುವ ತರುಣನು ಇದು ಧೂಮಪಾನದ ಹೊಗಳಿಕೆಯೆಂದು ತಿಳಿದರೆ ತಪ್ಪು ಅವನದಲ್ಲ; ಹೇಳಿಕೊಡಬೇಕಾದವರು ಅವನ ಬಳಿಯಲ್ಲಿರಲಿಲ್ಲ, ಅಷ್ಟೇ. ಭಜನೆಯಲ್ಲಿ ಕುಳಿತವನು ತಾನೂ ಹಾಡುತ್ತಾನೆ. ಮುದ್ರಿಕೆಯು ಅವನನ್ನು ಬರಿಯ ಕೇಳುಗನನ್ನಾಗಿ ಮಾಡುತ್ತದೆ. ಕಡಕೋಳದ ಪದಗಳನ್ನು ಬಾಯಿಪಾಠ ಬಲ್ಲ ಮುದುಕರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿರುವಾಗ ಈ ನಷ್ಟವೇ ದೊಡ್ಡದು.

ಆದಕಾರಣ ಮನೆಯಲ್ಲಿ ಗಿಟಾರು ಹಿಡಿದ ಮಗನಿದ್ದರೆ ಗದರಿಸದೆ, ಮುಂದಿನ ಅಮಾವಾಸ್ಯೆಗೆ ವಾದ್ಯಸಹಿತ ಅವನನ್ನು ಭಜನೆಗೆ ಕರೆತನ್ನಿರಿ. ಶ್ರುತಿಯ ಚಿಂತೆ ಬೇಡ. ಗಿಟಾರಿನ ಕೊರಳಿಗೆ ಬಿಗಿಯುವ ಕ್ಯಾಪೊ ಎಂಬ ಹಿಡಿಕೆಯೊಂದುಂಟು. ಅದನ್ನು ಮೇಲೆ ಕೆಳಗೆ ಸರಿಸಿದರೆ ಆರು ತಂತಿಗಳೂ ಏಕತಾರಿಯ ಶ್ರುತಿಗೆ ಸಮೀಪ ಬರುತ್ತವೆ. ಉಳಿದ ಅಂತರವನ್ನು ತಂತಿಯ ಕಿವಿ ಹಿಂಡಿ ಸರಿಪಡಿಸಬಹುದು.