ಕುದುರೆಯ ಕಾಲು: ಕೆಲವು ಪ್ರಶ್ನೆಗಳು, ಉತ್ತರಗಳು



ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಕಡೆಯವರು ನೀವಾಗಿದ್ದರೆ ಬಂಡೂರು ಕುರಿಯನ್ನು ನೋಡಿಯೇ ಇರುತ್ತೀರಿ. ಅದರ ಗೊರಸು ಎರಡಾಗಿ ಸೀಳಿರುತ್ತದೆ. ಎತ್ತಿನದೂ ಹಾಗೆಯೇ. ಕುದುರೆಯ ಗೊರಸು ಮಾತ್ರ ಒಂದೇ. ನಮ್ಮ ನಡುಬೆರಳಿಗೆ ಸಮನಾದ ಒಂದೇ ಬೆರಳಿನ ತುದಿಯ ಮೇಲೆ ಅದರ ಪ್ರತಿಯೊಂದು ಕಾಲೂ ನಿಂತಿದೆ. 300ರಿಂದ 500 ಕಿಲೋ ತೂಕದ ಪ್ರಾಣಿಯ ಭಾರವೆಲ್ಲ ನಾಲ್ಕು ಉಗುರುಗಳ ಮೇಲೆ!

1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೈನ್ಯ ಬ್ರಿಟಿಷರನ್ನು ಎದುರಿಸಿದಾಗ ಅಶ್ವದಳವೂ ಅಲ್ಲಿತ್ತು. ಇಂದು ನಮ್ಮ ಹಳ್ಳಿಗಳಲ್ಲಿ ಕುದುರೆ ಅಪರೂಪ. ಮದುವೆಯ ಮೆರವಣಿಗೆಯಲ್ಲೋ ಮೈಸೂರಿನ ಟಾಂಗಾದಲ್ಲೋ ಕಾಣಬಹುದು. ಸಾಕುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಈಗ ನೋಡೋಣ.

ಲಾಳ ಹೊಡೆದರೆ ನೋವಾಗುವುದಿಲ್ಲವೇ?
ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆಯೇ. ಅಲ್ಲಿ ನರವಾಗಲಿ ರಕ್ತವಾಗಲಿ ಇಲ್ಲ. ಮೊಳೆ ಅಲ್ಲಿಯೇ ಕೂತರೆ ನೋವಿಲ್ಲ, ಒಳಕ್ಕೆ ಸರಿದರೆ ಕುದುರೆ ಕುಂಟುತ್ತದೆ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಲಾಳ ಸವೆಯದಿದ್ದರೂ 6ರಿಂದ 8 ವಾರಕ್ಕೊಮ್ಮೆ ತೆಗೆದು, ಗೊರಸು ಕೆತ್ತಿ, ಮತ್ತೆ ಹೊಡೆಯಬೇಕು.

ಗೊರಸು ದುರ್ವಾಸನೆ ಬೀರುವುದೇಕೆ?
ಗಂಜಲ, ಲದ್ದಿ, ಕೆಸರಿನಲ್ಲಿ ನಿಂತ ಕುದುರೆಯ ಗೊರಸಿನ ತಳದ ತ್ರಿಕೋನಾಕಾರದ ಮೆತ್ತನೆ ಭಾಗ ಕೊಳೆಯತೊಡಗುತ್ತದೆ. ದಿನವೂ ಹಿಮ್ಮಡಿಯಿಂದ ಮುಂದಕ್ಕೆ ಕೆರೆದು ಶುಚಿಮಾಡಬೇಕು. ಲಾಯದ ನೆಲ ಒಣಗಿರಬೇಕು.

ಕಾಲು ಊದಿದರೆ ನಡೆಸಿದರೆ ಸರಿಹೋದೀತೇ?
ಇಲ್ಲ. ಮುಂಗಾಲಿನ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲವೆನ್ನಬಹುದು. ಅಲ್ಲಿರುವುದು ಮೂಳೆ ಮತ್ತು ಸ್ನಾಯುರಜ್ಜು. ರಜ್ಜು ಬಹಳ ನಿಧಾನವಾಗಿ ವಾಸಿಯಾಗುತ್ತದೆ. ಎರಡೂ ಕಾಲುಗಳನ್ನು ಮುಟ್ಟಿ, ಯಾವುದು ಬಿಸಿಯಾಗಿದೆಯೆಂದು ಹೋಲಿಸಿ. 15–20 ನಿಮಿಷ ತಣ್ಣೀರು ಬಿಟ್ಟು ವಿಶ್ರಾಂತಿ ಕೊಡಿ. ಕಾಲೂರಲಾಗದಿದ್ದರೆ ಕೂಡಲೇ ಪಶುವೈದ್ಯರನ್ನು ಕರೆಸಿ.

ಹೆಚ್ಚು ಧಾನ್ಯ ತಿಂದರೆ ಕಾಲಿಗೇನು ಸಂಬಂಧ?
ಬಹಳವಿದೆ. ಹಗ್ಗ ಬಿಚ್ಚಿಕೊಂಡ ಕುದುರೆ ಧಾನ್ಯದ ಮೂಟೆಗೆ ಬಾಯಿ ಹಾಕಿತೆನ್ನಿ. ಜೀರ್ಣವಾಗದ ಪಿಷ್ಟ ದೊಡ್ಡ ಕರುಳಿನಲ್ಲಿ ಹುದುಗುತ್ತದೆ. ಅದರ ಪರಿಣಾಮವಾಗಿ, ಗೊರಸನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳು ಉರಿಯೂತದಿಂದ ಸಡಿಲವಾಗುತ್ತವೆ. ಇದೇ ಲ್ಯಾಮಿನೈಟಿಸ್. ವಿಕೋಪಕ್ಕೆ ಹೋದರೆ ಮೂಳೆಯೇ ಕೆಳಕ್ಕೆ ತಿರುಗಿ, ಕುದುರೆ ಉಳಿಯುವುದೇ ಕಷ್ಟ. ಆದ್ದರಿಂದ ಕುಂಟುವವರೆಗೆ ಕಾಯಬಾರದು. ಧಾನ್ಯ ತಿಂದದ್ದು ತಿಳಿದ ಕ್ಷಣವೇ ವೈದ್ಯರಿಗೆ ಹೇಳಿಕಳುಹಿಸಬೇಕು.

ಗೊರಸಿಗೆ ಮೊಳೆ ಚುಚ್ಚಿದರೆ?
ಕಿತ್ತೆಸೆದು ಸುಮ್ಮನಾಗಬೇಡಿ. ಎಲ್ಲಿ, ಎಷ್ಟು ಆಳಕ್ಕೆ ಚುಚ್ಚಿದೆಯೆಂದು ವೈದ್ಯರು ನೋಡಬೇಕು. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಬಹುಬೇಗ ತುತ್ತಾಗುವುದು ಕುದುರೆ. ಮುಂಚಿತವಾಗಿ ಲಸಿಕೆ ಹಾಕಿಸುವುದೇ ಸರಿಯಾದ ದಾರಿ.

ಒಂದು ಕಾಲು ಕೆಟ್ಟರೆ ಮೂರು ಕಾಲಿನ ಮೇಲೆ ಕುದುರೆ ಬಹುಕಾಲ ನಿಲ್ಲಲಾರದು. ಭಾರ ಹೊತ್ತ ಒಳ್ಳೆಯ ಕಾಲಿಗೂ ಲ್ಯಾಮಿನೈಟಿಸ್ ತಗಲಬಹುದು. ಕಾಲಿನ ಸಣ್ಣ ನೋವನ್ನೂ ಕಡೆಗಣಿಸಬಾರದೆನ್ನುವುದು ಇದಕ್ಕಾಗಿಯೇ.

ಮುಂದಿನ ಸಲ ಮೆರವಣಿಗೆಯಲ್ಲಿ ಕುದುರೆ ಕಂಡಾಗ ಅದರ ಕಾಲುಗಳನ್ನು ಗಮನಿಸಿ. ಹಿಂಗಾಲೊಂದನ್ನು ಸಡಿಲಿಸಿ ನಿಂತಿದ್ದರೆ ಅದು ವಿಶ್ರಾಂತಿ. ಮುಂಗಾಲನ್ನು ಮುಂದೆ ಚಾಚಿ ನಿಂತಿದ್ದರೆ ಅದು ನೋವು. ಹಾಗೆ ಕಂಡರೆ ಮಾಲೀಕನಿಗೆ ಒಂದು ಮಾತು ಹೇಳಿ. ಕುದುರೆ ತಾನಾಗಿ ಹೇಳಲಾರದು.